ಗಾಂಜಾ ಗಿಡದ ಬೇರಲ್ಲಿ ಬ್ಯಾಕ್ಟೀರಿಯಾಗಳಿಗೆ ಏನ್ ಕೆಲಸ?

ಕೆನಡಾದಲ್ಲಿ 1923ರಿಂದ ನಿಷೇಧ ಆಗಿದ್ದ ಗಾಂಜಾ 2018ರ ಅಕ್ಟೋಬರ್ 17ಕ್ಕೆ ಎಲ್ಲ ವಯಸ್ಕರಿಗೂ ಲೀಗಲ್ ಆಯ್ತು, ಅಂಗಡಿ ಮುಂದೆ ಕ್ಯೂ ನಿಂತವರ ಫೋಟೋಗಳು ಎಲ್ಲಾ ಕಡೆ ಓಡಾಡಿದ್ವು, ಆ ಸುದ್ದಿ ಎಲ್ರಿಗೂ ಗೊತ್ತು. ಅದರ ಹಿಂದೆ ಇನ್ನೊಂದು ಸಣ್ಣ ವಿಷಯ ಇತ್ತು. ಟೊಮ್ಯಾಟೋ, ಜೋಳ, ಸೋಯಾ ಇವಕ್ಕೆಲ್ಲ ನೂರು ವರ್ಷದ ಕೃಷಿ ಸಂಶೋಧನೆ ಇದೆ, ಎಷ್ಟು ಗೊಬ್ಬರ, ಎಷ್ಟು ನೀರು, ಯಾವ ರೋಗಕ್ಕೆ ಯಾವ ಮದ್ದು ಅಂತ ಪುಸ್ತಕಗಟ್ಟಲೆ ಬರೆದಿಟ್ಟಿದ್ದಾರೆ. ಗಾಂಜಾಗೆ ಅದ್ಯಾವುದೂ ಇರ್ಲಿಲ್ಲ, ಕದ್ದುಮುಚ್ಚಿ ಬೆಳೆಯೋರು ಬಾಯಿಂದ ಬಾಯಿಗೆ ಹೇಳ್ಕೊಂಡು ಬಂದ ಲೆಕ್ಕಾಚಾರಾನೇ ಎಲ್ಲಾ. ಲೈಸೆನ್ಸ್ ಸಿಕ್ಕ ಮೇಲೆ ಯೂನಿವರ್ಸಿಟಿಗಳು ಈ ಗಿಡವನ್ನ ಮಾಮೂಲಿ ಬೆಳೆ ಥರ ಕೂತು ನೋಡೋಕೆ ಶುರು ಮಾಡಿದ್ವು, ಆಗ ಮೊದಮೊದಲು ಬಂದ ಪ್ರಶ್ನೆಗಳಲ್ಲಿ ಒಂದು ಇದು: ಬೇರೆ ಬೆಳೆಗಳಿಗೆ ಸಹಾಯ ಮಾಡೋ ಮಣ್ಣಿನ ಬ್ಯಾಕ್ಟೀರಿಯಾಗಳು ಇದಕ್ಕೂ ಮಾಡ್ತಾವಾ, ಮಾಡಿದ್ರೆ ಎಷ್ಟು?

ಮುಂದೆ ಹೋಗೋ ಮುಂಚೆ ಒಂದು ಮಾತು ಹೇಳಿಬಿಡ್ತೀನಿ. ನಮ್ಮಲ್ಲಿ ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಬೆಳೆದ್ರೆ 10 ವರ್ಷದ ತನಕ ಕಠಿಣ ಜೈಲು, 1 ಲಕ್ಷದ ತನಕ ದಂಡ. ಕಬ್ಬಿನ ಮಧ್ಯೆ, ಜೋಳದ ಮಧ್ಯೆ ನಾಲ್ಕು ಗಿಡ ಹಾಕಿ ಸಿಕ್ಕಿಬಿದ್ದವರ ಸುದ್ದಿ ಆಗಾಗ ಓದ್ತಾನೇ ಇರ್ತೀವಿ. ಹಾಗಾಗಿ ಇದು ಬೆಳೆಯೋದು ಹೇಗೆ ಅಂತ ಹೇಳೋ ಬರಹ ಅಲ್ಲ. ಆದ್ರೆ ಬೇರು ಮತ್ತು ಬ್ಯಾಕ್ಟೀರಿಯಾ ನಡುವಿನ ಈ ವ್ಯವಹಾರ ಇದೆಯಲ್ಲ, ಅದು ಗಾಂಜಾಗೂ ರಾಗಿಗೂ ಶುಂಠಿಗೂ ಹೆಚ್ಚುಕಮ್ಮಿ ಒಂದೇ. ಗಾಂಜಾದಲ್ಲಿ ತುಂಬಾ ದುಡ್ಡು ಇರೋದ್ರಿಂದ, ಒಂದೊಂದು ಗಿಡವನ್ನೂ ರೂಮೊಳಗೆ ಅಳೆದು ತೂಗಿ ಬೆಳೆಸೋದ್ರಿಂದ, ಎಲ್ಲಿ ಕೆಲಸ ಆಗತ್ತೆ ಎಲ್ಲಿ ಆಗಲ್ಲ ಅನ್ನೋದು ಇಲ್ಲಿ ಎದ್ದು ಕಾಣತ್ತೆ, ಅಷ್ಟೇ.

ಮೊದಲು ಬೇರಿನ ವಿಷ್ಯ. ಬೇರು ಅಂದ್ರೆ ನೀರು ಹೀರೋ ಪೈಪು ಅಂತ ನಾವು ಸ್ಕೂಲಲ್ಲಿ ಕಲಿತಿದ್ವಿ, ಅದು ಅರ್ಧ ಮಾತ್ರ ನಿಜ. ಎಲೆಗಳು ಬಿಸಿಲಲ್ಲಿ ಮಾಡಿದ ಸಕ್ಕರೆಯಲ್ಲಿ ಗಣನೀಯ ಪಾಲನ್ನ ಗಿಡ ಬೇರಿನ ಮೂಲಕ ಹೊರಗೆ ಬಿಡತ್ತೆ, ಸಕ್ಕರೆ, ಅಮೈನೋ ಆಮ್ಲ, ಸಾವಯವ ಆಮ್ಲ, ಅಂಟು ಎಲ್ಲಾ. ಕಷ್ಟಪಟ್ಟು ದುಡಿದಿದ್ದನ್ನ ಮಣ್ಣಿಗೆ ಯಾಕೆ ಸುರಿಯತ್ತೆ? ಅದನ್ನ ತಿನ್ನೋಕೆ ಬರೋರು ಇದಾರೆ. ಒಂದು ಗ್ರಾಂ ಒಳ್ಳೆ ಮಣ್ಣಲ್ಲಿ ಸುಮಾರು ನೂರು ಕೋಟಿ ಬ್ಯಾಕ್ಟೀರಿಯಾ ಇರ್ತಾವೆ, ಆದ್ರೆ ಹೆಚ್ಚಿನವು ಊಟ ಇಲ್ಲದೆ ತೆಪ್ಪಗೆ ಬಿದ್ದಿರ್ತಾವೆ. ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ಜಾಗದಲ್ಲಿ ಮಾತ್ರ ಸಕ್ಕರೆ ಸಿಗತ್ತೆ, ಹಾಗಾಗಿ ಅಲ್ಲಿ ಜಾತ್ರೆ. ಜರ್ಮನಿಯ ಲೊರೆಂಜ್ ಹಿಲ್ಟ್ನರ್ ಅನ್ನೋ ವಿಜ್ಞಾನಿ 1904ರಲ್ಲಿ ಈ ಜಾಗಕ್ಕೆ ರೈಜೋಸ್ಫಿಯರ್ ಅಂತ ಹೆಸರಿಟ್ಟ. ಆ ಜಾತ್ರೆಯಲ್ಲಿ ಗಿಡಕ್ಕೆ ಉಪಕಾರ ಮಾಡೋವೂ ಇರ್ತಾವೆ, ಸುಮ್ನೆ ತಿಂದ್ಕೊಂಡು ಇರೋವೂ ಇರ್ತಾವೆ, ಬೇರನ್ನೇ ಕೊಳೆಸೋವೂ ಇರ್ತಾವೆ. ಉಪಕಾರ ಮಾಡೋ ಗುಂಪಿಗೆ ಪಿಜಿಪಿಆರ್ ಅನ್ನೋ ಹೆಸರು ಬಂದಿದ್ದು 1978ರಲ್ಲಿ, ಅಮೆರಿಕಾದ ಕ್ಲೋಪರ್ ಮತ್ತು ಶ್ರಾತ್ ಅನ್ನೋ ಇಬ್ಬರು ಮೂಲಂಗಿ ಮೇಲೆ ಪ್ರಯೋಗ ಮಾಡ್ತಿದ್ದಾಗ. ಗಿಡದ ಬೆಳವಣಿಗೆ ಹೆಚ್ಚಿಸೋ ಬೇರು-ಬ್ಯಾಕ್ಟೀರಿಯಾ ಅಂತ ಅರ್ಥ. ಬ್ಯಾಸಿಲಸ್, ಸೂಡೋಮೊನಾಸ್, ಅಜೋಸ್ಪಿರಿಲಂ ಎಲ್ಲಾ ಈ ಪಟ್ಟಿಯಲ್ಲಿ ಬರ್ತಾವೆ.

ಇವು ಏನ್ ಮಾಡ್ತಾವೆ ಅಂತ ಕೇಳಿದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಸಾರಜನಕ. ಗಾಳಿಯಲ್ಲಿರೋ ಸಾರಜನಕವನ್ನ ಹಿಡಿದು ಗಿಡಕ್ಕೆ ಕೊಡ್ತಾವೆ ಅಂತ. ತೊಗರಿ, ಕಡಲೆ, ಶೇಂಗಾ ಇವುಗಳ ಬೇರು ಕಿತ್ತು ನೋಡಿದ್ರೆ ಗಂಟು ಕಾಣ್ತಾವೆ, ಗಂಟನ್ನ ಉಗುರಲ್ಲಿ ಸೀಳಿದ್ರೆ ಒಳಗೆ ಮಾಂಸದ ಥರ ಕೆಂಪುಗುಲಾಬಿ ಬಣ್ಣ ಇರತ್ತೆ, ಅದಿದ್ರೆ ಸಾರಜನಕ ಹಿಡಿಯೋ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಕೆಲಸ ಮಾಡ್ತಿದೆ ಅಂತ ಲೆಕ್ಕ. ಗಾಂಜಾ ದ್ವಿದಳ ಧಾನ್ಯದ ಜಾತಿ ಅಲ್ಲ, ಅದರ ಬೇರಲ್ಲಿ ಗಂಟು ಕಟ್ಟಲ್ಲ. ಅಜೋಸ್ಪಿರಿಲಂ ಥರದ್ದು ಗಂಟಿಲ್ಲದೇನೂ ಸ್ವಲ್ಪ ಸಾರಜನಕ ಹಿಡಿಯತ್ತೆ, ಆದ್ರೆ ಅದು ಬಹಳ ದುಬಾರಿ ಕೆಲಸ, ಒಂದು ಸಾರಜನಕ ಅಣುವನ್ನ ಒಡೆಯೋಕೆ ಬ್ಯಾಕ್ಟೀರಿಯಾ 16 ಎಟಿಪಿ (ಜೀವಕೋಶದೊಳಗಿನ ಶಕ್ತಿಯ ಚಿಲ್ಲರೆ ಕಾಸು ಅನ್ನಿ) ಖರ್ಚು ಮಾಡ್ಬೇಕು, ಜೊತೆಗೆ ಆ ಎಂಜೈಮು ಆಮ್ಲಜನಕ ತಗುಲಿದ್ರೆ ಕೆಟ್ಟುಹೋಗತ್ತೆ. ಪಕ್ಕದಲ್ಲೇ ರೆಡಿಮೇಡ್ ನೈಟ್ರೇಟ್ ಇದ್ರೆ ಯಾವ ಬ್ಯಾಕ್ಟೀರಿಯಾನೂ ಈ ತಲೆನೋವು ತಗೊಳ್ಳಲ್ಲ, ಆ ಜೀನನ್ನೇ ಆಫ್ ಮಾಡಿಬಿಡತ್ತೆ. ಕೆನಡಾದ ಗಾಂಜಾ ರೂಮಲ್ಲಿ ದಿನಾ ಪೈಪಲ್ಲಿ ನೈಟ್ರೇಟ್ ಬರ್ತಾನೇ ಇರತ್ತೆ. ಸೋ ಸಾರಜನಕದ ಕಥೆ ಅಲ್ಲಿಗೆ ಮುಗೀತು.

ರಂಜಕದ್ದು ಇದಕ್ಕಿಂತ ಸ್ವಾರಸ್ಯ ಇದೆ. ಮಣ್ಣಲ್ಲಿ ರಂಜಕ ಬೇಕಾದಷ್ಟು ಇರತ್ತೆ, ಆದ್ರೆ ಸುಣ್ಣದ ಜೊತೆನೋ ಕಬ್ಬಿಣದ ಜೊತೆನೋ ಅಲ್ಯುಮಿನಿಯಂ ಜೊತೆನೋ ಅಂಟ್ಕೊಂಡು ಕರಗದೇ ಕೂತಿರತ್ತೆ. ನಾವು ಹಾಕಿದ ಡಿಎಪಿಯಲ್ಲೂ ದೊಡ್ಡ ಪಾಲು ಕೆಲವೇ ವಾರದಲ್ಲಿ ಹೀಗೇ ಲಾಕ್ ಆಗತ್ತೆ. ಕೆಲವು ಬ್ಯಾಕ್ಟೀರಿಯಾಗಳು ಗ್ಲುಕೋನಿಕ್ ಆಮ್ಲ, ಸಿಟ್ರಿಕ್ ಆಮ್ಲ ಬಿಟ್ಟು ಆ ಲಾಕ್ ತೆಗೀತಾವೆ. ಇದನ್ನ ಲ್ಯಾಬಲ್ಲಿ ನೋಡೋಕೆ ಒಂದು ಚಂದದ ವಿಧಾನ ಇದೆ. ಪಿಕೋವ್‌ಸ್ಕಾಯಾ ಅಗಾರ್ ಅಂತ, ಬ್ಯಾಕ್ಟೀರಿಯಾ ಬೆಳೆಸೋಕೆ ಪ್ಲೇಟಿಗೆ ಹೊಯ್ಯೋ ಜೆಲ್ಲಿಯಂಥ ಒಂದು ಮೀಡಿಯಾ, 1948ರಿಂದ ಬಳಕೆಯಲ್ಲಿದೆ, ಅದರಲ್ಲಿ ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿರ್ತಾರೆ, ಹಾಗಾಗಿ ಪ್ಲೇಟು ಹಾಲು ಹೊಯ್ದ ಹಾಗೆ ಬೆಳ್ಳಗೆ ಮಬ್ಬಾಗಿರತ್ತೆ. ಮಧ್ಯಕ್ಕೆ ಬ್ಯಾಕ್ಟೀರಿಯಾ ಒಂದು ಚುಕ್ಕೆ ಇಟ್ಟು ಬೆಚ್ಚಗೆ ಕೆಲವು ದಿನ ಬಿಟ್ರೆ, ರಂಜಕ ಕರಗಿಸೋ ಜಾತಿ ಆಗಿದ್ರೆ ಆ ಚುಕ್ಕೆಯ ಸುತ್ತ ಗಾಜಿನಷ್ಟು ಸ್ವಚ್ಛವಾದ ಒಂದು ಬಳೆ ಮೂಡತ್ತೆ, ಕೆಳಗೆ ಪೇಪರ್ ಇಟ್ರೆ ಅಕ್ಷರ ಓದಬಹುದು. ಎಂಎಸ್ಸಿ ಮೈಕ್ರೋಬಯಾಲಜಿ ಓದಿದ ಯಾರನ್ನ ಕೇಳಿದ್ರೂ ಈ ಪ್ಲೇಟ್ ನೆನಪಿರತ್ತೆ, ಆ ಬಳೆಯನ್ನ ಸ್ಕೇಲ್ ಹಿಡಿದು ಅಳೆದು ಥೀಸಿಸ್ ಬರೆದೋರು ನಮ್ಮ ರಾಜ್ಯದಲ್ಲೇ ಎಷ್ಟೋ ಜನ.

ಆದ್ರೆ ಪ್ಲೇಟಲ್ಲಿ ಬಳೆ ಬಂದ ಮಾತ್ರಕ್ಕೆ ಹೊಲದಲ್ಲಿ ಇಳುವರಿ ಬರಬೇಕು ಅಂತೇನಿಲ್ಲ, ಗಾಂಜಾ ರೂಮಲ್ಲಂತೂ ಇನ್ನೂ ಇಲ್ಲ. ಯಾಕಂದ್ರೆ ಅಲ್ಲಿ ಲಾಕ್ ಆಗಿರೋ ರಂಜಕ ಇರೋದೇ ಕಮ್ಮಿ. ಒಳಾಂಗಣದಲ್ಲಿ ಗಾಂಜಾ ಬೆಳೆಯೋರು ಹೆಚ್ಚಿನವರು ಮಣ್ಣೇ ಬಳಸಲ್ಲ, ಕೋಕೋಪೀಟ್ ಬಳಸ್ತಾರೆ ಅಥವಾ ಕಲ್ಲುನಾರಿನ (ರಾಕ್‌ವೂಲ್) ಬ್ಲಾಕು. (ಆ ಕೋಕೋಪೀಟಲ್ಲಿ ದೊಡ್ಡ ಪಾಲು ಭಾರತ ಮತ್ತು ಶ್ರೀಲಂಕಾದಿಂದ ಹೋಗೋದು. ಇಲ್ಲಿ ತೆಂಗಿನ ನಾರು ಬಿಡಿಸಿದ ಮೇಲೆ ಗುಡ್ಡೆ ಬೀಳೋ ಪುಡಿ ಅಲ್ಲಿ ಗಾಂಜಾ ಗಿಡದ ಕಾಲಡಿ ಕೂರತ್ತೆ, ಕಾಯ್ದೆಗೆ ಅದರ ಬಗ್ಗೆ ಯಾವ ತಕರಾರೂ ಇಲ್ಲ.) ಅದರಲ್ಲಿ ಗಿಡಕ್ಕೆ ಬೇಕಾದ್ದೆಲ್ಲ ನೀರಲ್ಲಿ ಕರಗಿಸಿ ಡ್ರಿಪ್ಪಲ್ಲಿ ಕೊಡ್ತಾರೆ. ಅದೂ ಲೆಕ್ಕಕ್ಕಿಂತ ಜಾಸ್ತಿ. ಹೂ ಬಿಡೋ ಹೊತ್ತಲ್ಲಿ ರಂಜಕ ಸುರಿದ್ರೆ ಹೂ ದಪ್ಪ ಆಗತ್ತೆ ಅನ್ನೋ ನಂಬಿಕೆ ಗಾಂಜಾ ಬೆಳೆಯೋರಲ್ಲಿ ಎಷ್ಟು ಗಟ್ಟಿ ಅಂದ್ರೆ ಅದಕ್ಕೇ ಅಂತ ಬ್ಲೂಮ್ ಬೂಸ್ಟರ್ ಡಬ್ಬಗಳು ಬರ್ತಾವೆ. 2021ರಲ್ಲಿ ಕೆನಡಾದ ಗ್ವೆಲ್ಫ್ ಯೂನಿವರ್ಸಿಟಿಯವರು ಕೂತು ಅಳೆದು ನೋಡಿದ್ರೆ ಹೂಬಿಡೋ ಹಂತದಲ್ಲಿ ಲೀಟರ್ ನೀರಿಗೆ ಸುಮಾರು 60 ಮಿಲಿಗ್ರಾಂ ರಂಜಕ ಸಾಕು ಅಂತ ಬಂತು, ಎಷ್ಟೋ ಡಬ್ಬಗಳ ಲೇಬಲ್ ಪ್ರಕಾರ ಹಾಕಿದ್ರೆ ಅದಕ್ಕಿಂತ ಎಷ್ಟೋ ಹೆಚ್ಚು ಹೋಗತ್ತೆ. ಹೀಗೆ ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಿದ ಗಿಡಕ್ಕೆ ರಂಜಕ ಕರಗಿಸೋ ಬ್ಯಾಕ್ಟೀರಿಯಾ ತಂದು ಹಾಕಿದ್ರೆ ಅದು ಕರಗಿಸೋದಾದ್ರೂ ಏನನ್ನ? ನನ್ನ ಲೆಕ್ಕದಲ್ಲಿ ಇಡೀ ವಿಷಯದ ತಿರುಳು ಇಲ್ಲೇ ಇದೆ. ಗಿಡಕ್ಕೆ ಏನೋ ಒಂದು ಕೊರತೆ ಇದ್ದಾಗ, ಕಷ್ಟ ಇದ್ದಾಗ ಬ್ಯಾಕ್ಟೀರಿಯಾದ ಉಪಕಾರ ಕಣ್ಣಿಗೆ ಕಾಣತ್ತೆ, ಎಲ್ಲಾ ತುಂಬಿ ತುಳುಕೋ ಕಡೆ ಕಾಣಲ್ಲ.

ಹಾಗಂತ ರೂಮೊಳಗೆ ಇವುಗಳಿಗೆ ಕೆಲಸಾನೇ ಇಲ್ಲ ಅಂತಲ್ಲ. ಊಟ ಕೊಡೋದು ಬಿಟ್ಟು ಬೇರೆ ಎರಡು ಮೂರು ಕೆಲಸ ಇದಾವೆ. ಒಂದು ಹಾರ್ಮೋನು. ಬೇರು ಬಿಡೋ ಟ್ರಿಪ್ಟೋಫ್ಯಾನ್ ಅನ್ನೋ ಅಮೈನೋ ಆಮ್ಲ ತಿಂದು ಸುಮಾರು ಬ್ಯಾಕ್ಟೀರಿಯಾಗಳು ಐಎಎ ಅನ್ನೋ ಆಕ್ಸಿನ್ ತಯಾರು ಮಾಡ್ತಾವೆ, ಅದು ಗಿಡದ್ದೇ ಹಾರ್ಮೋನು, ಅದು ಸಿಕ್ಕಾಗ ಪಕ್ಕದ ಬೇರುಗಳು, ಬೇರಿನ ರೋಮಗಳು ಜಾಸ್ತಿ ಹೊರಡ್ತಾವೆ. ಗಾಂಜಾವನ್ನ ಕಮರ್ಷಿಯಲ್ ಆಗಿ ಬೀಜದಿಂದ ಬೆಳೆಸೋದು ಕಮ್ಮಿ, ಒಂದು ಒಳ್ಳೆ ಹೆಣ್ಣು ತಾಯಿಗಿಡ ಇಟ್ಕೊಂಡು ಅದರ ಕಡ್ಡಿ ಕತ್ತರಿಸಿ ನೆಡ್ತಾರೆ, ದಾಸವಾಳದ ಕಡ್ಡಿ ನಾಟಿ ಮಾಡೋ ಹಾಗೇ, ಹಾಗಾಗಿ ಬೇರು ಬರೋ ತನಕದ ಮೊದಲ ಎರಡು ವಾರ ತುಂಬಾ ನಾಜೂಕು. ಜಾಸ್ತಿ ಆದ್ರೆ ಇದೇ ಆಕ್ಸಿನ್ ಬೇರಿನ ಉದ್ದವನ್ನ ಕುಗ್ಗಿಸತ್ತೆ, ಅದೂ ನೆನಪಿರ್ಲಿ. ಎರಡನೇದು ಎಥಿಲಿನ್. ಬಾಳೆಕಾಯಿ ಹಣ್ಣಾಗಿಸೋ ಅದೇ ಗ್ಯಾಸು. ಬರ, ಉಪ್ಪು, ನೀರು ನಿಲ್ಲೋದು ಹೀಗೆ ಏನೇ ಕಷ್ಟ ಬಂದ್ರೂ ಗಿಡ ತನ್ನೊಳಗೆ ಎಥಿಲಿನ್ ಹೆಚ್ಚಿಸಿಕೊಳ್ಳತ್ತೆ, ಅದು ಮಿತಿ ಮೀರಿದ್ರೆ ಬೇರು ಬೆಳೆಯೋದು ನಿಲ್ಲತ್ತೆ, ಎಲೆ ಉದುರತ್ತೆ. ಕೆನಡಾದ ವಾಟರ್‌ಲೂ ಯೂನಿವರ್ಸಿಟಿಯ ಬರ್ನಾರ್ಡ್ ಗ್ಲಿಕ್ ಅವರ ತಂಡ ತೋರಿಸಿದ ಹಾಗೆ ಕೆಲವು ಬ್ಯಾಕ್ಟೀರಿಯಾಗಳ ಹತ್ರ ಒಂದು ಎಂಜೈಮ್ ಇದೆ, ಎಸಿಸಿ ಡಿಅಮಿನೇಸ್ ಅಂತ, ಅದು ಎಥಿಲಿನ್ ಆಗಬೇಕಿದ್ದ ಕಚ್ಚಾವಸ್ತುವನ್ನೇ ಮಧ್ಯದಲ್ಲಿ ತಿಂದುಹಾಕತ್ತೆ. ಬ್ಯಾಕ್ಟೀರಿಯಾಗೆ ಅದು ಸಾರಜನಕದ ಊಟ, ಗಿಡಕ್ಕೆ ಗಾಬರಿ ಕಮ್ಮಿ.

ಮೂರನೇದು ರೋಗ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು.

ಗಾಂಜಾದ ಹೂ ಅಂದ್ರೆ ತುರುಕಿ ಕಟ್ಟಿದ ಗೊಂಚಲು, ಮೇಲೆಲ್ಲ ಅಂಟಂಟು ರೋಮಗಳು, ಆ ರೋಮದ ತುದಿಯ ಗುಂಡಿನಲ್ಲೇ ನಶೆ ತರೋ ಟಿಎಚ್‌ಸಿ, ನಶೆ ತರದ ಸಿಬಿಡಿ ಎಲ್ಲಾ ತಯಾರಾಗೋದು. ಗೊಂಚಲು ದಟ್ಟವಾಗಿದ್ದಷ್ಟೂ ಬೆಲೆ, ಆದ್ರೆ ದಟ್ಟವಾಗಿದ್ದಷ್ಟೂ ಒಳಗೆ ಗಾಳಿ ಆಡಲ್ಲ, ತೇವ ನಿಂತು ಬೋಟ್ರೈಟಿಸ್ ಅನ್ನೋ ಬೂದುಬಣ್ಣದ ಬೂಷ್ಟು ಒಳಗಿಂದ ಕೊಳೆಸತ್ತೆ, ಹೊರಗೆ ಚೆನ್ನಾಗೇ ಕಾಣತ್ತೆ, ಬಿಡಿಸಿ ನೋಡಿದ್ರೆ ಒಳಗೆಲ್ಲ ಕಂದು. ಎಲೆ ಮೇಲೆ ಬೂದಿ ರೋಗ. ಬೇರಲ್ಲಿ ಕೊಳೆರೋಗ ತರೋ ಫ್ಯುಸೇರಿಯಂ ಮತ್ತು ಪಿಥಿಯಂ. ಬ್ರಿಟಿಷ್ ಕೊಲಂಬಿಯಾದ ಸೈಮನ್ ಫ್ರೇಸರ್ ಯೂನಿವರ್ಸಿಟಿಯ ಜಮೀರ್ ಪುಂಜಾ ಅವರು ಕೆನಡಾದ ಗಾಂಜಾ ರೂಮುಗಳಲ್ಲಿ ಈ ರೋಗಗಳನ್ನ ಒಂದೊಂದಾಗಿ ಗುರುತಿಸಿ ದಾಖಲೆ ಮಾಡಿದ್ದಾರೆ. ಪಿಥಿಯಂ ಅಂದ್ರೆ ಯಾರು ಅಂತ ಶುಂಠಿ ಬೆಳೆದೋರಿಗೆ ಹೇಳಿಕೊಡಬೇಕಾಗಿಲ್ಲ, ಕೊಡಗು, ಹಾಸನ, ಶಿವಮೊಗ್ಗದ ಕಡೆ ಶುಂಠಿಗಡ್ಡೆ ಕೊಳೆಸೋದರಲ್ಲಿ ಇದರದ್ದೇ ಬಂಧುಗಳ ಕೈವಾಡ. ಇದರ ಬೀಜಕಣಗಳು ನೀರಲ್ಲಿ ಈಜ್ಕೊಂಡು ಹೋಗ್ತಾವೆ, ಒಂದೇ ಟ್ಯಾಂಕಿನ ನೀರು ಇಡೀ ರೂಮಿಗೆ ಸುತ್ತೋ ವ್ಯವಸ್ಥೆಯಲ್ಲಿ ಒಂದು ಗಿಡಕ್ಕೆ ಬಂದ್ರೆ ಎಲ್ಲದಕ್ಕೂ ಬಂತು ಅಂತಾನೇ.

ಸರಿ, ಔಷಧಿ ಹೊಡೆಯೋಣ ಅಂದ್ರೆ ಇಲ್ಲೊಂದು ತೊಡಕು. ಮೈಕ್ಲೋಬ್ಯುಟಾನಿಲ್ ಅಂತ ಒಂದು ಶಿಲೀಂಧ್ರನಾಶಕ ಇದೆ, ದ್ರಾಕ್ಷಿಯ ಬೂದಿ ರೋಗಕ್ಕೆ ಹೊಡೆಯೋದು, ಹಣ್ಣಲ್ಲಿ ಒಂದು ಮಿತಿಯೊಳಗೆ ಉಳಿದ್ರೆ ತೊಂದ್ರೆ ಇಲ್ಲ ಅಂತ ಒಪ್ಪಿದ್ದಾರೆ. ಆದ್ರೆ ಗಾಂಜಾವನ್ನ ಸುಡ್ತಾರೆ. ಮೈಕ್ಲೋಬ್ಯುಟಾನಿಲ್‌ಗೆ ಬೆಂಕಿ ತಾಗಿದ್ರೆ ಹೈಡ್ರೋಜನ್ ಸಯನೈಡ್ ಬರತ್ತೆ. ಕೆನಡಾದಲ್ಲಿ 2016-17ರ ಸುಮಾರಿಗೆ ಲೈಸೆನ್ಸ್ ಇದ್ದ ಔಷಧೀಯ ಗಾಂಜಾದಲ್ಲೇ ಇದು ಸಿಕ್ಕಿ ಮಾಲು ವಾಪಸ್ ತರಿಸಿಕೊಳ್ಳೋ ಗಲಾಟೆ ಆಯ್ತು, ಆಮೇಲೆ 2019ರ ಜನವರಿಯಿಂದ ಕೀಟನಾಶಕದ ಉಳಿಕೆ ಟೆಸ್ಟು ಕಡ್ಡಾಯ ಮಾಡಿದ್ರು. ಅಮೆರಿಕಾದಲ್ಲಿ ಇನ್ನೊಂದು ಥರದ ಗೋಜಲು, ರಾಜ್ಯದಲ್ಲಿ ಲೀಗಲ್, ಕೇಂದ್ರದ ಕಾಯ್ದೆಯಲ್ಲಿ ಅಲ್ಲ, ಹಾಗಾಗಿ ಕೇಂದ್ರದ ಏಜೆನ್ಸಿ ಗಾಂಜಾಗೆ ಅಂತ ರಾಸಾಯನಿಕ ಔಷಧಿಗಳನ್ನ ಪರೀಕ್ಷೆ ಮಾಡಿ ಒಪ್ಪಿಗೆ ಕೊಡೋಕೇ ಹೋಗ್ಲಿಲ್ಲ. ಕೊನೆಗೆ ಬೆಳೆಯೋರ ಕೈಯಲ್ಲಿ ಉಳಿದಿದ್ದು ಸೋಪು, ಎಣ್ಣೆ, ಬೈಕಾರ್ಬನೇಟು ಮತ್ತು ಜೀವಾಣುಗಳು. ಬ್ಯಾಕ್ಟೀರಿಯಾಗಳಿಗೆ ಗಾಂಜಾ ಉದ್ಯಮದಲ್ಲಿ ಇಷ್ಟೊಂದು ಮರ್ಯಾದೆ ಸಿಗೋಕೆ ಮುಖ್ಯ ಕಾರಣ ಇದೇ ಅಂತ ನನಗನ್ನಿಸತ್ತೆ, ಇಳುವರಿ ಆಮೇಲಿನ ಮಾತು.

ರೋಗದ ವಿರುದ್ಧ ಇವು ಹೇಗೆ ನಿಲ್ತಾವೆ ಅಂದ್ರೆ ಮೊದಲನೇದಾಗಿ ಜಾಗ ಹಿಡಿಯೋದು. ಬೇರಿನ ಮೇಲೆ ಅಂಟಂಟು ಪೊರೆ ಕಟ್ಕೊಂಡು ಕೂತ್ಬಿಟ್ರೆ ಆಮೇಲೆ ಬರೋ ಶಿಲೀಂಧ್ರಕ್ಕೆ ಸೀಟು ಸಿಗಲ್ಲ. ಹೊಸ ಕೋಕೋಪೀಟ್ ಹೆಚ್ಚುಕಮ್ಮಿ ಖಾಲಿ ಜಾಗ, ಅಲ್ಲಿ ಮೊದಲು ಬಂದವರದ್ದೇ ರಾಜ್ಯ, ಆದ್ದರಿಂದ ಮಣ್ಣಿಗಿಂತ ಇಲ್ಲಿ ಹೊರಗಿಂದ ಹಾಕಿದ ಬ್ಯಾಕ್ಟೀರಿಯಾ ನೆಲೆ ಊರೋದು ಸುಲಭ. ಎರಡನೇದು ಕಬ್ಬಿಣದ ಜಗಳ. ಸೂಡೋಮೊನಾಸ್ ಜಾತಿಯವು ಸೈಡರೋಫೋರ್ ಅನ್ನೋ ಅಣು ಬಿಟ್ಟು ಸುತ್ತಲಿನ ಕಬ್ಬಿಣವನ್ನೆಲ್ಲ ಬಾಚ್ಕೊಳ್ತಾವೆ, ಶಿಲೀಂಧ್ರಕ್ಕೆ ಕಬ್ಬಿಣ ಸಿಗದೆ ಸೊರಗತ್ತೆ, ಯುವಿ ಲೈಟ್ ಕೆಳಗೆ ಇವನ್ನ ಬೆಳೆಸಿದ ಪ್ಲೇಟು ಹಸಿರುಹಳದಿ ಹೊಳೆಯತ್ತೆ, ಇವುಗಳಲ್ಲಿ ಒಂದಕ್ಕೆ ಫ್ಲೋರೆಸೆನ್ಸ್ ಅನ್ನೋ ಹೆಸರು ಬಂದಿದ್ದು ಅದಕ್ಕೇ. ಬ್ಯಾಸಿಲಸ್‌ಗಳು ಇನ್ನೂ ನೇರ, ಸರ್ಫ್ಯಾಕ್ಟಿನ್, ಇಟ್ಯೂರಿನ್, ಫೆಂಜೈಸಿನ್ ಅನ್ನೋ ಸೋಪಿನಂಥ ವಸ್ತುಗಳನ್ನ ಬಿಟ್ಟು ಶಿಲೀಂಧ್ರದ ಪೊರೆಗೇ ತೂತು ಮಾಡ್ತಾವೆ. ಇವೆಲ್ಲಕ್ಕಿಂತ ನನಗೆ ಸೋಜಿಗ ಅನ್ಸೋದು ಇನ್ನೊಂದು. ಬೇರಿಗೆ ಒಂದು ನಿರುಪದ್ರವಿ ಬ್ಯಾಕ್ಟೀರಿಯಾ ಬಂದು ಕೂತಾಗ ಇಡೀ ಗಿಡ ಎಚ್ಚರ ಆಗತ್ತೆ, ಎಲ್ಲೋ ಮೇಲೆ ಎಲೆಗೆ ಬೂದಿ ರೋಗ ಬಂದಾಗ ಮಾಮೂಲಿಗಿಂತ ಬೇಗ ಪ್ರತಿಕ್ರಿಯೆ ಕೊಡತ್ತೆ, ಊರಿಗೆ ಕಳ್ಳರು ಬರೋ ಮುಂಚೇನೇ ನಾಯಿಗಳನ್ನ ಒಂದ್ಸಲ ಬೊಗಳಿಸಿ ಇಟ್ಟ ಹಾಗೆ. ಜಾಸ್ಮೋನೇಟ್ ಮತ್ತು ಎಥಿಲಿನ್ ಅನ್ನೋ ಗಿಡದ ಹಾರ್ಮೋನುಗಳ ಸಿಗ್ನಲ್‌ಗಳ ಮೂಲಕ ಇದು ನಡೆಯತ್ತೆ ಅಂತ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಬೇರೆ ಗಿಡಗಳ ಮೇಲೆ ಚೆನ್ನಾಗಿ ಕೆಲಸ ಮಾಡಿ ತೋರಿಸಿದ್ದಾರೆ.

ಈಗ ಗಾಂಜಾ ಮೇಲೇ ಮಾಡಿದ ಪ್ರಯೋಗಗಳಿಗೆ ಬರೋಣ. 2018ರಲ್ಲಿ ಇಟಲಿಯವರು ಫಿನೋಲಾ ಅನ್ನೋ ಫಿನ್ಲೆಂಡ್ ಮೂಲದ ಗಿಡ್ಡ ಹೆಂಪ್ ತಳಿಗೆ (ಹೆಂಪ್ ಅಂದ್ರೆ ನಾರಿಗೂ ಬೀಜಕ್ಕೂ ಬೆಳೆಯೋ, ನಶೆ ಅಂಶ ತೀರಾ ಕಮ್ಮಿ ಇರೋ ಗಾಂಜಾ) ನಾಲ್ಕು ಬ್ಯಾಕ್ಟೀರಿಯಾಗಳ ಮಿಶ್ರಣ ಕೊಟ್ಟು ನೋಡಿದ್ರು, ಅಜೋಸ್ಪಿರಿಲಂ, ಗ್ಲುಕೋನಾಸೆಟೋಬ್ಯಾಕ್ಟರ್, ಹರ್ಬಾಸ್ಪಿರಿಲಂ ಮತ್ತು ಬರ್ಖೋಲ್ಡೇರಿಯಾ. ಗಿಡದ ಬೆಳವಣಿಗೆಗೂ ಗುಣಮಟ್ಟಕ್ಕೂ ಒಳ್ಳೇದಾಯ್ತು, ರಾಸಾಯನಿಕ ಗೊಬ್ಬರಕ್ಕೆ ಇದು ಒಂದು ಪರ್ಯಾಯ ಆಗಬಹುದು ಅಂತ ಬರೆದ್ರು. ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯಲ್ಲಿ ಡೊನಾಲ್ಡ್ ಸ್ಮಿತ್ ಅವರ ತಂಡ 2019ರಲ್ಲಿ ಈ ವಿಷಯದ ಮೇಲೆ ಒಂದು ದೊಡ್ಡ ವಿಮರ್ಶಾ ಲೇಖನ ಬರೀತು, ಆಮೇಲೆ 2022ರಲ್ಲಿ ಬ್ಯಾಸಿಲಸ್, ಸೂಡೋಮೊನಾಸ್, ಮ್ಯೂಸಿಲಾಜಿನಿಬ್ಯಾಕ್ಟರ್ ಮೂರನ್ನ ಬೇರೆಬೇರೆಯಾಗಿ ಗಾಂಜಾಗೆ ಕೊಟ್ಟು ಫಲಿತಾಂಶ ಪ್ರಕಟಿಸಿತು. ಮೂರೂ ಒಂದೇ ಥರ ಕೆಲಸ ಮಾಡಲಿಲ್ಲ, ಗಿಡದ ಆಕಾರ, ಕವಲು, ಹೂವಿನ ತೂಕ ಇವುಗಳ ಮೇಲೆ ಒಂದೊಂದರದ್ದು ಒಂದೊಂದು ಪರಿಣಾಮ. (ಮೆಕ್‌ಗಿಲ್ ಇರೋ ಕ್ವಿಬೆಕ್ ಪ್ರಾಂತ್ಯದಲ್ಲಿ ಮನೆಯಲ್ಲಿ ಒಂದು ಗಾಂಜಾ ಗಿಡ ಬೆಳೆಯೋಕೂ ಪರ್ಮಿಷನ್ ಇಲ್ಲ, ದೇಶದ ಬೇರೆ ಹೆಚ್ಚಿನ ಕಡೆ ಮನೆಗೆ ನಾಲ್ಕು ಗಿಡ ಇಟ್ಕೋಬಹುದು. ಇದ್ಯಾವ ಲೆಕ್ಕನೋ.)

ಕೊಲೊರಾಡೊ ಕಥೆ ಇದಕ್ಕಿಂತ ವ್ಯಾಪಾರದ್ದು. ಅಲ್ಲಿ 2014ರ ಜನವರಿ 1ರಿಂದ ಅಂಗಡಿಯಲ್ಲಿ ಗಾಂಜಾ ಮಾರಾಟ ಶುರುವಾಯ್ತು. ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಮೂವರು ಮಣ್ಣು ವಿಜ್ಞಾನಿಗಳು ರಂಜಕ ಬಿಡಿಸೋ ಬ್ಯಾಕ್ಟೀರಿಯಾಗಳ ಒಂದು ತಂಡವನ್ನ ಆರಿಸಿ ಬೆಳೆಸಿ, ಮ್ಯಾಮತ್ ಪಿ ಅನ್ನೋ ಹೆಸರಲ್ಲಿ ಬಾಟಲಿ ಮಾಡಿ ಮೊದಲು ಮಾರಿದ್ದು ಗಾಂಜಾ ಬೆಳೆಯೋರಿಗೆ, ಗೋಧಿ ಬೆಳೆಯೋರಿಗಲ್ಲ, ಯಾಕಂದ್ರೆ ಲೀಟರಿಗೆ ಅಷ್ಟು ಬೆಲೆ ಕೊಡೋ ಶಕ್ತಿ ಇರೋದು ಗಾಂಜಾ ಬೆಳೆಗೆ ಮಾತ್ರ. 2017ರಲ್ಲಿ ಹೂವಿನ ಇಳುವರಿ ಶೇಕಡಾ 16ರ ಆಸುಪಾಸು ಹೆಚ್ಚಾಯ್ತು ಅಂತ ಪೇಪರ್ ಬಂತು, ಬರೆದವರಲ್ಲಿ ಕಂಪನಿ ಕಟ್ಟಿದವರೇ ಇದ್ರು. ಅದು ಸುಳ್ಳು ಅಂತ ನಾನು ಹೇಳ್ತಿಲ್ಲ, ಆದ್ರೆ ಇಂಥ ಅಂಕಿ ನೋಡಿದಾಗ ಕಂಟ್ರೋಲ್ ಗಿಡಕ್ಕೆ, ಅಂದ್ರೆ ಹೋಲಿಸೋಕೆ ಅಂತ ಬ್ಯಾಕ್ಟೀರಿಯಾ ಕೊಡದೆ ಬೆಳೆಸಿದ ಗಿಡಕ್ಕೆ, ಏನ್ ಊಟ ಕೊಟ್ಟಿದ್ರು, ಎಷ್ಟು ಗಿಡ, ಯಾವ ತಳಿ, ಬ್ಯಾಕ್ಟೀರಿಯಾ ಸತ್ತ ಮೇಲೂ ಅದೇ ದ್ರಾವಣ ಹಾಕಿ ಹೋಲಿಸಿದ್ರಾ ಅಂತ ಕೇಳೋದು ಒಳ್ಳೇದು. ಕೊನೇ ಪ್ರಶ್ನೆ ಮುಖ್ಯ, ಯಾಕಂದ್ರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಜೊತೆ ಅವು ಬೆಳೆದ ರಸಾನೂ ಇರತ್ತೆ, ಗಿಡ ಅದಕ್ಕೇ ಸ್ಪಂದಿಸಿರಬಹುದು. ಇದು ಬರೀ ಊಹೆ ಅಲ್ಲ, ಸ್ಮಿತ್ ಅವರ ಲ್ಯಾಬೇ ಸೋಯಾ ಬೇರಿನ ಗಂಟಿನಿಂದ ತೆಗೆದ ಒಂದು ಬ್ಯಾಸಿಲಸ್‌ನಿಂದ ಥುರಿಸಿನ್ 17 ಅನ್ನೋ ಸಣ್ಣ ಪ್ರೋಟೀನ್ ಬೇರ್ಪಡಿಸಿ, ಬ್ಯಾಕ್ಟೀರಿಯಾ ಇಲ್ಲದೆ ಅದೊಂದನ್ನೇ ಕೊಟ್ರೂ ಗಿಡ ಚುರುಕಾಗತ್ತೆ ಅಂತ ತೋರಿಸಿದೆ.

ನಶೆ ಅಂಶ ಜಾಸ್ತಿ ಆಗತ್ತಾ ಅಂತ ಕೆಲವರಿಗೆ ಕುತೂಹಲ. ಟಿಎಚ್‌ಸಿ ಎಷ್ಟು ಬರಬೇಕು ಅನ್ನೋದನ್ನ ಬಹುಪಾಲು ತಳಿ ನಿರ್ಧಾರ ಮಾಡತ್ತೆ, ಹೆಂಪ್‌ನಲ್ಲಿ ಶೇಕಡಾ 0.3 ದಾಟಬಾರದು ಅಂತ ಕೆನಡಾದ ಕಾನೂನು, ಗಾಂಜಾದಲ್ಲಿ ಶೇಕಡಾ 20 ದಾಟೋ ತಳಿಗಳಿದಾವೆ, ಈ ಅಂತರವನ್ನ ಯಾವ ಬ್ಯಾಕ್ಟೀರಿಯಾನೂ ದಾಟಿಸಲ್ಲ. ಹೂ ಜಾಸ್ತಿ ಬಂದ್ರೆ ಒಟ್ಟು ಮಾಲು ಜಾಸ್ತಿ, ಅಷ್ಟೇ.

ಬಾಟಲಿ ತಂದು ಹಾಕಿದೆ ಏನೂ ಆಗ್ಲಿಲ್ಲ ಅನ್ನೋ ದೂರು ಎಲ್ಲಾ ದೇಶದಲ್ಲೂ ಕೇಳಿಬರತ್ತೆ, ಕಾರಣಗಳೂ ಎಲ್ಲಾ ಕಡೆ ಅವೇ. ನಲ್ಲಿ ನೀರಿನ ಕ್ಲೋರಿನ್. ರಾತ್ರಿ ಬಕೆಟ್ಟಲ್ಲಿ ಇಟ್ರೆ ಕ್ಲೋರಿನ್ ಹಾರಿಹೋಗತ್ತೆ, ಆದ್ರೆ ಕೆನಡಾ, ಅಮೆರಿಕಾದ ಎಷ್ಟೋ ಊರಲ್ಲಿ ಬಳಸೋ ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗಲ್ಲ. ಪೈಪಲ್ಲಿ ಪಾಚಿ ಕಟ್ಟಬಾರದು ಅಂತ ಟ್ಯಾಂಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕ್ತಾರೆ, ಅದೇ ಟ್ಯಾಂಕಿಗೆ ದುಬಾರಿ ಬ್ಯಾಕ್ಟೀರಿಯಾನೂ ಹಾಕ್ತಾರೆ, ಒಂದು ಕೈಯಲ್ಲಿ ಸಾಕೋದು ಇನ್ನೊಂದು ಕೈಯಲ್ಲಿ ಸಾಯಿಸೋದು. ಬ್ಯಾಸಿಲಸ್ ಬೀಜಕಣ ಕಟ್ಕೊಂಡು ವರ್ಷಗಟ್ಟಲೆ ಪುಡಿಯಲ್ಲೇ ಬದುಕತ್ತೆ, ಸೂಡೋಮೊನಾಸ್, ಅಜೋಸ್ಪಿರಿಲಂಗೆ ಆ ಉಪಾಯ ಇಲ್ಲ, ಬಿಸಿಲಲ್ಲಿಟ್ರೆ ಬಾಟಲಿಯೊಳಗೇ ಸತ್ತಿರ್ತಾವೆ. ಮಾರ್ಕೆಟ್ಟಲ್ಲಿ ಬ್ಯಾಸಿಲಸ್‌ದೇ ದರ್ಬಾರು ಆಗಿರೋದಕ್ಕೆ ಅದು ಎಲ್ಲಕ್ಕಿಂತ ಒಳ್ಳೇದು ಅನ್ನೋದಕ್ಕಿಂತ ಅಂಗಡಿಯಲ್ಲಿ ಕೆಡಲ್ಲ ಅನ್ನೋದೇ ದೊಡ್ಡ ಕಾರಣ.

ಇನ್ನೊಂದು ಕಡೆ ಅತಿ ಆಗೋ ಅಪಾಯಾನೂ ಇದೆ. ಕಟಾವು ಆದ ಹೂವನ್ನ ಮಾರೋ ಮುಂಚೆ ಅದರಲ್ಲಿ ಒಟ್ಟು ಎಷ್ಟು ಬ್ಯಾಕ್ಟೀರಿಯಾ, ಎಷ್ಟು ಬೂಷ್ಟು ಇದೆ ಅಂತ ಟೆಸ್ಟ್ ಮಾಡ್ತಾರೆ, ಆ ಒಟ್ಟು ಲೆಕ್ಕದ ಟೆಸ್ಟಿಗೆ ಒಳ್ಳೇ ಬ್ಯಾಕ್ಟೀರಿಯಾ ಕೆಟ್ಟ ಬ್ಯಾಕ್ಟೀರಿಯಾ ಅನ್ನೋ ಭೇದ ಇಲ್ಲ, ಎಣಿಕೆ ಮಿತಿ ದಾಟಿದ್ರೆ ಫೇಲು. ಹೂವಿನ ಮೇಲೆ ಜೀವಾಣು ಸ್ಪ್ರೇ ಮಾಡಿದ ಬ್ಯಾಚುಗಳು ಹೀಗೆ ಸಿಕ್ಕಿಹಾಕ್ಕೊಳ್ತಾವೆ, ಅದಕ್ಕೇ ತಿಳಿದವರು ಬೇರಿಗೆ ಮಾತ್ರ ಕೊಡ್ತಾರೆ, ಹೂ ಕಟ್ಟಿದ ಮೇಲೆ ಮೇಲುಗಡೆ ಮುಟ್ಟಲ್ಲ. ಎಣಿಕೆ ಇಳಿಸೋಕೆ ಅಂತ ಕೆನಡಾದಲ್ಲಿ ಎಷ್ಟೋ ಕಂಪನಿಗಳು ಹೂವಿಗೆ ವಿಕಿರಣ ಹಾಯಿಸ್ತಾರೆ, ಮಸಾಲೆ ಪದಾರ್ಥಕ್ಕೆ ಮಾಡೋ ಹಾಗೆ. ಈ ಟೆಸ್ಟು ಸುಮ್ನೆ ಕಾಟಕ್ಕೆ ಅಲ್ಲ, ಕ್ಯಾನ್ಸರ್ ಚಿಕಿತ್ಸೆಯಲ್ಲಿರೋರು ಔಷಧಿ ಅಂತ ಗಾಂಜಾ ತಗೊಳ್ತಾರೆ, ರೋಗನಿರೋಧಕ ಶಕ್ತಿ ಕುಗ್ಗಿದವರ ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಅನ್ನೋ ಬೂಷ್ಟು ಹೋದ್ರೆ ಜೀವಕ್ಕೇ ಕುತ್ತು. ಇಟಲಿಯವರ ಮಿಶ್ರಣದಲ್ಲಿದ್ದ ಬರ್ಖೋಲ್ಡೇರಿಯಾ ಅಂಬಿಫೇರಿಯಾ ಇದೆಯಲ್ಲ, ಅದು ಸೇರಿರೋ ಗುಂಪು ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಆನುವಂಶಿಕ ಕಾಯಿಲೆ ಇರೋರಿಗೆ ಶ್ವಾಸಕೋಶದ ಸೋಂಕು ತರತ್ತೆ, ಲ್ಯಾಬಲ್ಲಿ ಗಿಡಕ್ಕೆ ಎಷ್ಟೇ ಒಳ್ಳೇದು ಮಾಡಿದ್ರೂ ಸೇದೋ ಬೆಳೆಗೆ ಅದನ್ನ ಬಾಟಲಿ ಮಾಡಿ ಮಾರೋದು ಕಷ್ಟ. ಮಣ್ಣಿಗೆ ಮಿತ್ರ ಅಂದ ಮಾತ್ರಕ್ಕೆ ಮನುಷ್ಯನಿಗೂ ಮಿತ್ರ ಆಗಬೇಕು ಅಂತಿಲ್ಲ.

ನಮ್ಮ ಕಡೆ ಇದೇ ವಿದ್ಯೆ ಯಾವಾಗಲೋ ಬಂದಾಗಿದೆ. ಕೃಷಿ ವಿವಿಗಳಲ್ಲಿ, ರೈತ ಸಂಪರ್ಕ ಕೇಂದ್ರಗಳಲ್ಲಿ ಸಿಗೋ 200 ಗ್ರಾಂನ ಕಪ್ಪು ಪುಡಿ ಪ್ಯಾಕೆಟ್ಟು, ಲಿಗ್ನೈಟ್ ಪುಡಿಯಲ್ಲಿ ರೈಜೋಬಿಯಂ ಅಥವಾ ಅಜೋಸ್ಪಿರಿಲಂ ಅಥವಾ ರಂಜಕ ಕರಗಿಸೋದು. ಬೆಲ್ಲ ಕುದಿಸಿದ ನೀರನ್ನ ಪೂರ್ತಿ ಆರಿಸಿ, ಪುಡಿ ಕಲಸಿ, ಬೀಜಕ್ಕೆ ತೆಳ್ಳಗೆ ಹಚ್ಚಿ, ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಬೇಕು. ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚೋದಿದ್ರೆ ಅದು ಮೊದಲು, ಇದು ಕೊನೆಗೆ. 2006ರಿಂದ ಇವು ಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದಿವೆ, ಪುಡಿಯಾದ್ರೆ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದ್ರೆ ಮಿಲಿಲೀಟರಿಗೆ 10 ಕೋಟಿ ಜೀವಂತ ಕಣ ಇರ್ಬೇಕು. ಪ್ಯಾಕೆಟ್ ಮೇಲೆ ಎಷ್ಟಿದೆ ಅಂತ ಬರೆದಿರ್ತಾರೆ, ಅಂಗಡಿಯವರು ಅದನ್ನ ತಗಡಿನ ಶೀಟಿನ ಕೆಳಗೆ ಯೂರಿಯಾ ಮೂಟೆ ಪಕ್ಕ ಇಟ್ಟಿದ್ರೆ ಒಳಗೆ ಎಷ್ಟು ಉಳಿದಿರತ್ತೆ ಅನ್ನೋದು ಬೇರೆ ಮಾತು. ಮಳೆಯಾಶ್ರಿತ ರಾಗಿ ಹೊಲಕ್ಕೆ ಈ ಪ್ಯಾಕೆಟ್ಟಿಂದ ಕಾಣೋ ವ್ಯತ್ಯಾಸ, ಮೂಟೆಗಟ್ಟಲೆ ಗೊಬ್ಬರ ಹಾಕಿ ಡ್ರಿಪ್ ಬಿಟ್ಟ ತರಕಾರಿ ತೋಟದಲ್ಲಿ ಕಾಣದೇ ಇರೋದಕ್ಕೆ ಕಾರಣ ಆಗಲೇ ಹೇಳಿದ್ದೇ.

ಹಾಗಾಗಿ ಗಾಂಜಾ ಜಾತಿಯಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ನಿಜವಾದ ಕೆಲಸ ಸಿಗೋದು ಎಸಿ ರೂಮಲ್ಲಿ ಅಲ್ಲ, ಬಯಲಲ್ಲಿ ನಾರಿಗೂ ಬೀಜಕ್ಕೂ ಬೆಳೆಯೋ ಹೆಂಪ್‌ನಲ್ಲಿ ಅಂತ ನನ್ನ ಅಂದಾಜು. ಎನ್‌ಡಿಪಿಎಸ್ ಕಾಯ್ದೆಯೊಳಗೇ ರಾಜ್ಯಗಳು ಲೈಸೆನ್ಸ್ ಕೊಡೋಕೆ ಅವಕಾಶ ಇದೆ, ಉತ್ತರಾಖಂಡ 2018ರಲ್ಲಿ ಕೈಗಾರಿಕಾ ಹೆಂಪ್‌ಗೆ ಆ ದಾರಿ ತೆರೀತು, 2021ರಲ್ಲಿ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ ಮತ್ತು ಎಣ್ಣೆಯನ್ನ ಆಹಾರ ಅಂತ ಒಪ್ಪಿತು. ಉತ್ತರಾಖಂಡದ ಗುಡ್ಡದ ತೆಳು ಮಣ್ಣಲ್ಲಿ, ಮಳೆ ನಂಬಿದ ಮೆಟ್ಟಿಲು ಹೊಲದಲ್ಲಿ ಯಾರೂ ಲೀಟರ್ ಲೆಕ್ಕದಲ್ಲಿ ರಂಜಕ ಹಾಯಿಸಲ್ಲ. ಜೊತೆಗೆ ಆ ಬೆಟ್ಟಗಳಲ್ಲಿ ಭಾಂಗ್ ಗಿಡ ತಾನಾಗೇ ಕಳೆ ಥರ ಬೆಳೀತಾ ಬಂದಿದೆ, ಅವುಗಳ ಬೇರಿನ ಸುತ್ತ ಆ ಮಣ್ಣಿಗೆ, ಆ ಚಳಿಗೆ ಹೊಂದಿಕೊಂಡ ಬ್ಯಾಕ್ಟೀರಿಯಾಗಳು ಇದ್ದೇ ಇರ್ತಾವೆ. ಕೆನಡಾದಿಂದ ಬಾಟಲಿ ತರಿಸೋ ಬದಲು ಅಲ್ಲಿನ ಒಂದು ಗಿಡ ಬೇರುಸಮೇತ ಅಗೆದು, ಬೇರಿಗೆ ಅಂಟಿದ ಮಣ್ಣನ್ನ ನೀರಲ್ಲಿ ಅಲುಗಾಡಿಸಿ, ಆ ಬಿಳೀ ಪಿಕೋವ್‌ಸ್ಕಾಯಾ ಪ್ಲೇಟಿನ ಮೇಲೆ ಹಚ್ಚಿ, ಯಾವ ಚುಕ್ಕೆಯ ಸುತ್ತ ಬಳೆ ಬರತ್ತೆ ಅಂತ ನೋಡೋದ್ರಿಂದ ಶುರು ಮಾಡಬಹುದು, ಆಮೇಲೆ ಕುಂಡ, ಆಮೇಲೆ ಎರಡು ಮೂರು ವರ್ಷ ಹೊಲ.